ಮಾಗಿದ ಗಾಯದ ಸಾಕ್ಷಿ

ಬೇಟೆಯ ಚರಿತ್ರೆಯನ್ನು ನಾವು ಬಹುಮಟ್ಟಿಗೆ ಸತ್ತ ಪ್ರಾಣಿಗಳಿಂದಲೇ ಬರೆದಿದ್ದೇವೆ. ಪೆಟ್ಟು ತಿಂದೂ ಪಾರಾದವುಗಳ ಲೆಕ್ಕವನ್ನು ಬೇಟೆಗಾರ ಇಟ್ಟಿಲ್ಲ, ಮೂಳೆ ಇಟ್ಟಿದೆ.

ಡೆನ್ಮಾರ್ಕಿನ ಭೂವಿಜ್ಞಾನಿ ನಾನ್ನಾ ನೋ-ನಿಗಾರ್ಡ್ 1974ರಲ್ಲಿ ಮಧ್ಯ ಶಿಲಾಯುಗದ ನೆಲೆಗಳಲ್ಲಿ ದೊರೆತ ಪ್ರಾಣಿಗಳ ಮೂಳೆಗಳ ಮೇಲಿನ ಆಯುಧದ ಗುರುತುಗಳನ್ನು ಕುರಿತು ಅಧ್ಯಯನವೊಂದನ್ನು ಪ್ರಕಟಿಸಿದರು. ಕೆಂಪು ಜಿಂಕೆಗಳ ಹೆಗಲ ಮೂಳೆಯಲ್ಲಿ ಎರಡು ಬಗೆಯ ಗಾಯಗಳಿದ್ದವು. ಕೆಲವು ಮಾಗದೆ ಉಳಿದವು: ಪೆಟ್ಟು ಬಿದ್ದ ಬೆನ್ನಿಗೇ ಪ್ರಾಣಿ ಸತ್ತಿತ್ತು. ಇನ್ನು ಕೆಲವುಗಳ ಸುತ್ತ ಹೊಸ ಮೂಳೆ ಬೆಳೆದಿತ್ತು. ಸತ್ತ ಮೈಯಲ್ಲಿ ಮೂಳೆ ಬೆಳೆಯುವುದಿಲ್ಲ. ಅಂದರೆ ಆಯುಧ ನಾಟಿದ ಮೇಲೂ ಆ ಜಿಂಕೆ ವಾರಗಟ್ಟಲೆಯಾದರೂ ನೋವು ಹೊತ್ತುಕೊಂಡೇ ಮೇಯ್ದಿತ್ತು, ತೋಳಗಳಿದ್ದ ಕಾಡಿನಲ್ಲಿ ಬದುಕಿತ್ತು.

ಹೆಗಲಿಗೇ ಪೆಟ್ಟೇಕೆ? ಹೃದಯ, ಶ್ವಾಸಕೋಶಗಳು ಅದರ ಮರೆಯಲ್ಲಿವೆ. ಬೇಟೆಗಾರನ ಗುರಿ ಅವುಗಳ ಮೇಲೆ. ಆ ಚಪ್ಪಟೆ ಮೂಳೆ ಕೆಲವೊಮ್ಮೆ ಗುರಾಣಿಯಾಯಿತು.

ಇಲ್ಲೊಂದು ತೊಡಕಿದೆ. ಇಂಥ ಮೂಳೆಗಳು ಹೆಚ್ಚಾಗಿ ಸಿಗುವುದು ಮನುಷ್ಯರ ವಸತಿಗಳಲ್ಲಿ, ಊಟದ ಉಳಿಕೆಯಾಗಿ. ಒಮ್ಮೆ ಪಾರಾದ ಜಿಂಕೆ ಮತ್ತೊಂದು ಬೇಟೆಯಲ್ಲಿ ಬಿದ್ದದ್ದರಿಂದಲೇ ಅದರ ಹಳೆಯ ಗಾಯ ನಮಗೆ ಗೊತ್ತಾಯಿತು. ಎರಡನೆಯ ಸಲವೂ ತಪ್ಪಿಸಿಕೊಂಡು ಕಾಡಿನಲ್ಲೇ ಮುಪ್ಪಾಗಿ ಸತ್ತವು ಮಣ್ಣಾದವು. ದಾಖಲೆಯಲ್ಲಿ ಕಾಣುವ ಸಹನಶಕ್ತಿ ನಿಜಕ್ಕೂ ಇದ್ದುದರ ಒಂದು ಪಾಲು ಮಾತ್ರ. ಗೆದ್ದವರ ಅಂಗಳದಲ್ಲಿ ಸಿಕ್ಕ ಸಾಕ್ಷಿಯಿಂದ ಸೋತವರ ಬಾಳನ್ನು ಅಳೆಯುವಾಗಲೆಲ್ಲ ಚರಿತ್ರೆಯ ವಿದ್ಯಾರ್ಥಿ ಇದನ್ನು ನೆನಪಿಡಬೇಕು.