2022ರ ಕನ್ನಡ ಚಿತ್ರಗಳು: ಕೋಟಿಯ ಲೆಕ್ಕದಾಚೆಗೊಂದು ಹಿನ್ನೋಟ

ಕನ್ನಡ ಚಿತ್ರರಂಗದ ಇತಿಹಾಸದಲ್ಲಿ 2022ನೇ ಇಸವಿಗೆ ವಿಶೇಷ ಸ್ಥಾನವಿದೆ. ತಮಿಳು, ತೆಲುಗು ಚಿತ್ರಗಳ ಪೈಪೋಟಿಗೆ ಸದಾ ಅಂಜುತ್ತಿದ್ದ ಉದ್ಯಮ ಆ ವರ್ಷ ಇಡೀ ದೇಶದ ಗಮನ ಸೆಳೆಯಿತು. ಆದರೆ ಚಿತ್ರಗಳನ್ನು ಒಂದೊಂದಾಗಿ ತೂಗಿ ನೋಡಬೇಕಾದ ವಿಮರ್ಶಕನಿಗೆ ಅದು ಸುಲಭದ ವರ್ಷವಾಗಿರಲಿಲ್ಲ. 'ಚಿತ್ರ ಹೇಗಿದೆ' ಎಂಬ ಪ್ರಶ್ನೆಗಿಂತ 'ಎಷ್ಟು ಕೋಟಿ ಗಳಿಸಿತು' ಎಂಬ ಪ್ರಶ್ನೆಯೇ ಎಲ್ಲೆಡೆ ಮುಂದಾಗಿತ್ತು.

ಅಪ್ಪು ಅಗಲಿಕೆಯ ನೆರಳು

2021ರ ಅಕ್ಟೋಬರ್ 29ರಂದು ನಿಧನರಾದ ಪುನೀತ್ ರಾಜ್‌ಕುಮಾರ್ ಅವರ 'ಜೇಮ್ಸ್' ಚಿತ್ರ, ಅವರ ಜನ್ಮದಿನವಾದ ಮಾರ್ಚ್ 17ರಂದು ತೆರೆಕಂಡಿತು. ಪುನೀತ್ ಪಾತ್ರಕ್ಕೆ ಸಹೋದರ ಶಿವರಾಜ್‌ಕುಮಾರ್ ದನಿ ನೀಡಿದ್ದರು. ಕಥೆಯ ದೃಷ್ಟಿಯಿಂದ ಅದು ಸಾಧಾರಣ ಸಾಹಸ ಚಿತ್ರವೇ. ಆದರೆ ಜನ ಬಂದದ್ದು ಕಥೆಗಾಗಿ ಅಲ್ಲ, ನೆಚ್ಚಿನ ನಟನಿಗೆ ವಿದಾಯ ಹೇಳಲು. ಅಂಥ ಸಭಾಂಗಣದಲ್ಲಿ ವಿಮರ್ಶೆಯ ಅಳತೆಗೋಲು ಕೆಲಸಕ್ಕೆ ಬಾರದು.

ಅಕ್ಟೋಬರ್ 28ರಂದು ಬಂದ, ಅಮೋಘವರ್ಷ ನಿರ್ದೇಶನದ 'ಗಂಧದ ಗುಡಿ' ಇದಕ್ಕಿಂತ ಸಾರ್ಥಕ ವಿದಾಯವೆನಿಸಿತು. ಡಾ. ರಾಜ್‌ಕುಮಾರ್ ಅಭಿನಯದ 1973ರ ಚಿತ್ರದ ಹೆಸರನ್ನೇ ಹೊತ್ತ ಈ ಸಾಕ್ಷ್ಯಚಿತ್ರದಲ್ಲಿ ಪುನೀತ್ ಪಾತ್ರಧಾರಿಯಲ್ಲ. ನಾಡಿನ ಕಾಡುಗಳನ್ನು ಬೆರಗಿನಿಂದ ನೋಡುವ ಪ್ರವಾಸಿ.

ಎರಡು ದಾರಿ, ಎರಡು ಗೆಲುವು

ಏಪ್ರಿಲ್ 14ರಂದು ಐದು ಭಾಷೆಗಳಲ್ಲಿ ಬಿಡುಗಡೆಯಾದ 'ಕೆಜಿಎಫ್ ಚಾಪ್ಟರ್ 2' ಒಂದು ಸಾವಿರ ಕೋಟಿ ರೂಪಾಯಿಗೂ ಮೀರಿ ಗಳಿಸಿತೆಂದು ವರದಿಯಾಯಿತು. ಪ್ರಶಾಂತ್ ನೀಲ್ ಕಟ್ಟಿದ ನರಾಚಿ ಎಂಬ ಕಲ್ಪಿತ ಲೋಕ, ಭುವನ್ ಗೌಡ ಅವರ ಛಾಯಾಗ್ರಹಣ, ರವಿ ಬಸ್ರೂರು ಅವರ ಅಬ್ಬರದ ಸಂಗೀತ ಹಾಗೂ ಯಶ್ ಅವರ ಠೀವಿ ಚಿತ್ರದ ಬಲ. ಆದರೆ ಗಣಿಯ ಕೂಲಿಗಳ ಬದುಕು ಕೊನೆಗೂ ನಾಯಕನ ವೈಭವಕ್ಕೆ ಹಿನ್ನೆಲೆಯಾಗಿಯೇ ಉಳಿಯಿತು.

ಸೆಪ್ಟೆಂಬರ್ 30ರಂದು ಬಂದ 'ಕಾಂತಾರ'ದ ನಿರ್ಮಾಣ ಸಂಸ್ಥೆಯೂ 'ಕೆಜಿಎಫ್'ನ ಹೊಂಬಾಳೆ ಫಿಲಂಸ್ ಎಂಬುದು ಗಮನಾರ್ಹ. ಆದರೆ ದಾರಿ ಪೂರ್ತಿ ಬೇರೆ. ರಿಷಬ್ ಶೆಟ್ಟಿ ತಮ್ಮ ಹುಟ್ಟೂರು ಕೆರಾಡಿಯ ಪರಿಸರದಲ್ಲಿ ಕಂಬಳ, ಭೂತಕೋಲ, ಪಂಜುರ್ಲಿ ಮತ್ತು ಗುಳಿಗ ದೈವಗಳ ನಂಬಿಕೆಯನ್ನು ಭೂಮಿ ಹಾಗೂ ಅರಣ್ಯದ ಹಕ್ಕಿನ ವಿವಾದದೊಂದಿಗೆ ಹೆಣೆದರು. ಮೊದಲು ಕನ್ನಡದಲ್ಲಷ್ಟೇ ತೆರೆಕಂಡ ಚಿತ್ರ, ಪ್ರೇಕ್ಷಕರ ಬಾಯಿಮಾತಿನ ಬಲದಿಂದ ಎರಡು ವಾರಗಳ ಬಳಿಕ ಹಿಂದಿಗೂ ತೆಲುಗಿಗೂ ಹೋಯಿತು. ಡಿಸೆಂಬರ್‌ನಲ್ಲಿ ತುಳು ಆವೃತ್ತಿಯೂ ಬಂದಿತು. ಕ್ಲೈಮ್ಯಾಕ್ಸ್‌ನಲ್ಲಿ ರಿಷಬ್ ಅಭಿನಯ ಅಸಾಧಾರಣ. ಅದೇ ಚಿತ್ರದಲ್ಲಿ ನಾಯಕ ನಾಯಕಿಯನ್ನು ಚಿವುಟುವ ದೃಶ್ಯ ಟೀಕೆಗೆ ಗುರಿಯಾದುದೂ ನ್ಯಾಯವೇ. ಅರಣ್ಯ ರಕ್ಷಕಿಯಾದ ಲೀಲಾ ತನ್ನ ವೃತ್ತಿಗೂ ಊರಿಗೂ ನಡುವೆ ಸಿಲುಕಿದವಳು. ಆ ಇಕ್ಕಟ್ಟನ್ನು ಚಿತ್ರ ಆಳವಾಗಿ ಶೋಧಿಸಲಿಲ್ಲ.

ಚಿತ್ರದ ಪರಿಣಾಮ ತೆರೆಯ ಆಚೆಗೂ ಚಾಚಿತು. 60 ವರ್ಷ ಮೀರಿದ ದೈವನರ್ತಕರಿಗೆ ಮಾಸಿಕ 2,000 ರೂಪಾಯಿ ಮಾಸಾಶನ ನೀಡುವುದಾಗಿ ರಾಜ್ಯ ಸರ್ಕಾರ ಅದೇ ಅಕ್ಟೋಬರ್‌ನಲ್ಲಿ ಪ್ರಕಟಿಸಿತು.

ಗಮನ ಸೆಳೆದ ಇತರರು

ಜೂನ್ 10ರ '777 ಚಾರ್ಲಿ'ಯಲ್ಲಿ ನಿರ್ದೇಶಕ ಕಿರಣ್‌ರಾಜ್ ಒಂಟಿ ಯುವಕ ಹಾಗೂ ನಾಯಿಯ ನಂಟನ್ನು ಹೃದಯ ಮುಟ್ಟುವಂತೆ ಹೇಳಿದರು. ಕಣ್ಣೀರನ್ನು ಕೊಂಚ ಹೆಚ್ಚೇ ಬೇಡುವ ಚಿತ್ರವಾದರೂ ರಕ್ಷಿತ್ ಶೆಟ್ಟಿ ಅವರ ಸಂಯಮ ಅದನ್ನು ಕಾಪಾಡಿತು. ಸುದೀಪ್ ಅಭಿನಯದ, 3ಡಿಯಲ್ಲಿ ಬಂದ 'ವಿಕ್ರಾಂತ್ ರೋಣ'ದಲ್ಲಿ ದೃಶ್ಯವೈಭವಕ್ಕೆ ತಕ್ಕ ಕಥನದ ಬಿಗಿ ಇರಲಿಲ್ಲ. ಯೋಗರಾಜ್ ಭಟ್ಟರ 'ಗಾಳಿಪಟ 2' ಹಳೆಯ ಲವಲವಿಕೆಯನ್ನು ಅಲ್ಲಲ್ಲಿ ನೆನಪಿಸಿತಷ್ಟೆ.

ತೆರೆಯ ಅಂಚಿನಲ್ಲಿ

ಸಾಗರ್ ಪುರಾಣಿಕ್ ನಿರ್ದೇಶನದ 'ಡೊಳ್ಳು', 2022ರ ಜುಲೈನಲ್ಲಿ ಪ್ರಕಟವಾದ 68ನೇ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರವೆನಿಸಿ ಆಗಸ್ಟ್‌ನಲ್ಲಿ ತೆರೆಗೆ ಬಂದಿತು. ಹೊಟ್ಟೆಪಾಡಿಗಾಗಿ ಯುವಕರು ನಗರ ಸೇರುವಾಗ ಡೊಳ್ಳುಕುಣಿತದ ತಂಡವೊಂದು ಚದುರಿಹೋಗುವ ಕಥೆ ಅದು. ಜನಪದ ಆಚರಣೆಯನ್ನು 'ಕಾಂತಾರ'ಕ್ಕಿಂತ ಒಂದು ತಿಂಗಳು ಮೊದಲೇ ತೆರೆಗೆ ತಂದರೂ ಅದಕ್ಕೆ ದೊರೆತ ಪ್ರೇಕ್ಷಕರು ಕಡಿಮೆ. ರಿಷಬ್ ಶೆಟ್ಟಿ ಅವರೇ ನಿರ್ಮಿಸಿದ, ನಟೇಶ್ ಹೆಗಡೆ ಅವರ 'ಪೆಡ್ರೊ' 2021ರಲ್ಲೇ ಬೂಸಾನ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿದ್ದರೂ ರಾಜ್ಯದ ಸಾಮಾನ್ಯ ಪ್ರೇಕ್ಷಕನಿಗೆ ಆ ವರ್ಷವೂ ದೂರವೇ ಉಳಿಯಿತು.

ವರ್ಷ ಬಿಟ್ಟುಹೋದ ಪಾಠ

2024ರ ಆಗಸ್ಟ್‌ನಲ್ಲಿ ಪ್ರಕಟವಾದ 70ನೇ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ರಿಷಬ್ ಶೆಟ್ಟಿ ಅತ್ಯುತ್ತಮ ನಟರೆನಿಸಿದರು. 'ಕೆಜಿಎಫ್ 2' ಅತ್ಯುತ್ತಮ ಕನ್ನಡ ಚಿತ್ರವಾಯಿತು. ಬಹುಭಾಷಾ ಬಿಡುಗಡೆ, ಭಾರಿ ಬಜೆಟ್ಟುಗಳೇ ಯಶಸ್ಸಿನ ಸೂತ್ರ ಎಂದು ಇದರಿಂದ ಭಾವಿಸುವುದು ತಪ್ಪು. 'ಕಾಂತಾರ' ಗೆದ್ದದ್ದು ದೇಶಕ್ಕೆಲ್ಲ ಒಗ್ಗುವಂತೆ ತನ್ನನ್ನು ತಿದ್ದಿಕೊಂಡಿದ್ದರಿಂದಲ್ಲ, ತನ್ನ ಊರಿನ ಮಾತು, ಮಣ್ಣುಗಳನ್ನು ಬಿಡದಿದ್ದುದರಿಂದ. 2025ರಲ್ಲಿ ದೊಡ್ಡ ತಾರೆಯರ ಬಲವಿಲ್ಲದೆ, ಕರಾವಳಿಯ ಹಳ್ಳಿಯ ಹಾಸ್ಯವನ್ನೇ ನೆಚ್ಚಿ ಬಂದ 'ಸು ಫ್ರಂ ಸೋ' ಈ ಮಾತನ್ನು ಮತ್ತೊಮ್ಮೆ ದೃಢಪಡಿಸಿತು.

ಹಾಗೆಂದು ಊರಿನ ಕಥೆಗಳೆಲ್ಲ ತಾವಾಗಿ ಗೆಲ್ಲುವುದಿಲ್ಲ ಎಂಬುದಕ್ಕೆ 'ಡೊಳ್ಳು' ಸಾಕ್ಷಿ. ಇಂಥ ಚಿತ್ರಗಳಿಗೆ ತೆರೆಯೂ, ಬಾಯಿಮಾತು ಹಬ್ಬುವಷ್ಟು ಕಾಲಾವಕಾಶವೂ ದೊರೆಯುವವರೆಗೆ 2022ರ ಸಂಭ್ರಮ ಕೆಲವೇ ಚಿತ್ರಗಳ ಸಂಭ್ರಮವಾಗಿ ಉಳಿಯುತ್ತದೆ.