ಟ್ಯಾಂಕಿನ ಮೇಲಿನ ಮೂರು ಬಣ್ಣ

ಫೆಲೋಶಿಪ್ಪಿನ ಬಾಕಿ ಹಣ ಒಟ್ಟಿಗೆ ಬಂದ ತಿಂಗಳು ನಾನು ಮಾಡಿದ ಮೊದಲ ಕೆಲಸವೆಂದರೆ ಕೃಷ್ಣರಾಜನಗರದ ಕಡೆಯ ಹಳ್ಳಿಯೊಂದಕ್ಕೆ ಹೋಗಿ, ದನದ ಕೊಟ್ಟಿಗೆಯಲ್ಲಿ ನಿಂತಿದ್ದ ಜಾವಾ ಬೈಕೊಂದನ್ನು 40,000 ರೂಪಾಯಿಗೆ ಕೊಂಡದ್ದು. 1969ರ ಗಾಡಿ. ಮೇಲೆ ಹುಲ್ಲಿನ ಹೊರೆ, ಸೀಟಿನೊಳಗೆ ಇಲಿಗೂಡು. ಕಿಕ್ ಒತ್ತಿದರೆ ಕಲ್ಲಿನ ಮೇಲೆ ಕಾಲಿಟ್ಟ ಹಾಗೆ. ಗುಜರಿಯವನು ತೂಕದ ಲೆಕ್ಕದಲ್ಲಿ ಕೇಳಿ ಹೋಗಿದ್ದನಂತೆ. ಆದರೆ ಮನೆಯ ಅಜ್ಜಿ ಆರ್.ಸಿ. ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ದೇವರ ಗೂಡಿನಲ್ಲಿಟ್ಟಿದ್ದರು. ನಾನು ಸೋತದ್ದು ಆ ಪುಸ್ತಕಕ್ಕೆ. ಎಂಜಿನ್ ನಂಬರು, ಚಾಸಿ ನಂಬರು ಎರಡೂ ತಾಳೆಯಾದವು. ಮೂವರು ಮಾಲೀಕರು, ಕೊನೆಯವರು ಅಜ್ಜಿಯ ಯಜಮಾನರು, ಡೈರಿಗೆ ಹಾಲು ಹಾಕುತ್ತಿದ್ದವರು. ಬಣ್ಣ ಎಂಬಲ್ಲಿ ‘ಮರೂನ್’ ಎಂದಿತ್ತು. ಎದುರಿಗಿದ್ದ ಗಾಡಿ ನೀಲಿ.

ಚಿಕ್ಕವನಿದ್ದಾಗ ಇದು ಇಂಡೋನೇಷ್ಯಾದ ಜಾವಾ ದ್ವೀಪದಿಂದ ಬಂದದ್ದು ಎಂದುಕೊಂಡಿದ್ದೆ. ನಿಜಕ್ಕೂ ಆ ಹೆಸರಿನಲ್ಲಿರುವುದು ಒಂದು ವ್ಯಾಪಾರ. 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಚೆಕ್ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯ ಮೋಟರ್‌ಸೈಕಲ್ ವಿಭಾಗವನ್ನು ಕೊಂಡು, ಎರಡೂ ಹೆಸರುಗಳ ಮೊದಲ ಅಕ್ಷರಗಳನ್ನು ಜೋಡಿಸಿದ. ಚೆಕ್ಕರ ಬಾಯಲ್ಲಿ ಅದು ‘ಯಾವಾ’. ವಿದೇಶಿ ವಾಹನಗಳ ಆಮದಿಗೆ ಸರ್ಕಾರ ಕಡಿವಾಣ ಹಾಕಿದಾಗ, ಮುಂಬಯಿಯಲ್ಲಿ ಜಾವಾ ತರಿಸಿ ಮಾರುತ್ತಿದ್ದ ಇರಾನಿ ಕುಟುಂಬದವರು ಇಲ್ಲೇ ತಯಾರಿಸಲು ಹೊರಟರು. ಹಾಗೆ 1960ರಲ್ಲಿ ಮೈಸೂರಿನ ಐಡಿಯಲ್ ಜಾವಾ ಹುಟ್ಟಿತು. ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರು. ಸಮಾಜವಾದಿ ದೇಶದ ತಂತ್ರಜ್ಞಾನ, ಮುಂಬಯಿಯ ಬಂಡವಾಳ, ಮಹಾರಾಜರ ಊರು: ನನ್ನ ಪ್ರಬಂಧದ ವಿಷಯ ಇದಾಗಿದ್ದರೆ ಗೈಡು ಇಷ್ಟು ಹೊತ್ತಿಗೆ ಸಹಿ ಹಾಕಿರುತ್ತಿದ್ದರು! ಮುಂದೆ 1970ರ ದಶಕದಲ್ಲಿ ಜಾವಾ ಯೆಜ್ಡಿಯಾಯಿತು. ಆ ಹೆಸರು ಇರಾನಿನ ಯಜ್ದ್ ಪಟ್ಟಣದ್ದು. 1980ರ ದಶಕದಲ್ಲಿ ಜಪಾನೀ ಸಹಯೋಗದ ಹಗುರ ಬೈಕುಗಳು ಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಇಷ್ಟೆಲ್ಲ ಗೊತ್ತಿದ್ದೂ ನಾನು ಮಾಡಿದ ಕೆಲಸ ಕೇಳಿ. ಗಾಡಿ ರೂಮಿಗೆ ಬಂದ ಮೊದಲ ಭಾನುವಾರವೇ ಉಪ್ಪುಕಾಗದ ಹಿಡಿದು ಟ್ಯಾಂಕು ಉಜ್ಜಲು ಕೂತೆ. ನೀಲಿ ಹೋಯಿತು, ಕಪ್ಪು ಬಂತು. ಕಪ್ಪೂ ಹೋಗಿ ಅಲ್ಲಲ್ಲಿ ಮರೂನ್ ಇಣುಕಿತು. ಹುರುಪು ಏರಿತು. ಕಪ್ಪಿನ ಮೇಲೆ ಹಳದಿ ಗೆರೆಗಳಿದ್ದವು ಎಂಬುದು ಕಣ್ಣಿಗೆ ಬಿದ್ದದ್ದು ಬಹಳ ತಡವಾಗಿ. ಊರಿನ ಬೋರ್ಡು ಬರೆಯುವವನ ದುಂಡು ಕೈಬರಹ. ಉಳಿದದ್ದು ‘ಮ್ಮ’ ಎಂಬ ಒಂದೇ ಅಕ್ಷರ.

ಮಾರಮ್ಮನೋ, ತಾಯಿಯೋ, ಮಗಳೋ, ಹಸುವೋ? ಅಜ್ಜಿಗೆ ಫೋನು ಮಾಡಿದೆ. ‘ಏನೋ ಬರಸಿದ್ರಪ್ಪ. ನಂಗೆಲ್ಲಿ ಓದಕ್ಕೆ ಬರ್ತದೆ’ ಅಂದರು. ಹಾಗಾದರೆ ಆಮೇಲೆ ನೀಲಿ ಬಳಿದು ಮುಚ್ಚಿಸಿದ್ದೇಕೆ ಎಂದು ಕೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಮಳೆಯ ವಿಷಯ ಎತ್ತಿದರು.

ಗಾಡಿಯನ್ನು ಬಿಚ್ಚಿದ ಮೆಕ್ಯಾನಿಕ್ ಅದೇ ಕಾರ್ಖಾನೆಯಲ್ಲಿ ಎಂಜಿನ್ ಜೋಡಿಸುತ್ತಿದ್ದವರು. ಟ್ಯಾಂಕು ನೋಡಿ ಅವರು ಕೇಳಿದ್ದು ಒಂದೇ ಮಾತು: ‘ಉಜ್ಜೋಕೆ ಮುಂಚೆ ಫೋಟೋ ತೆಗೆದ್ರಾ?’ ಪತ್ರಾಗಾರದಲ್ಲಿ ಪೆನ್ನು ಬೇಡ, ಪೆನ್ಸಿಲ್ಲೇ ಹಿಡಿಯಿರಿ ಎಂದು ಕಿರಿಯರಿಗೆ ಹೇಳುವವನು ನಾನು. ತೆಗೆದಿರಲಿಲ್ಲ. ಅವರೋ ಒಂದೊಂದು ನಟ್ಟನ್ನೂ ಬಿಸ್ಕತ್ತಿನ ಡಬ್ಬಿಗಳಲ್ಲಿ ಚೀಟಿ ಅಂಟಿಸಿ ಇಟ್ಟರು. ಪ್ಲಗ್ಗಿನ ತೂತಿಗೆ ಡೀಸೆಲ್ ಸುರಿದು ವಾರ ಬಿಟ್ಟ ಮೇಲೆ ಕಚ್ಚಿಕೊಂಡಿದ್ದ ಪಿಸ್ಟನ್ ಅಲ್ಲಾಡಿತು. ಬೋರು ಕೊರೆಸಿದ್ದಾಯಿತು. ಒಣಗಿದ ಕ್ರ್ಯಾಂಕಿನ ಸೀಲುಗಳು ಹೋದವು. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಅಲ್ಲಿ ಗಾಳಿ ಸೋರಿದರೆ ಗಾಡಿಗೆ ಉಸಿರೇ ನಿಲ್ಲುವುದಿಲ್ಲ. ಹಿಂದಿನ ಮಡ್‌ಗಾರ್ಡು ಜಾವಾದ್ದಲ್ಲ, ಯೆಜ್ಡಿಯದು ಎಂದು ಅವರು ಬೆರಳು ಮುಟ್ಟಿಸಿಯೇ ಹೇಳಿದರು. ಕ್ಯಾರಿಯರ್‌ಗೆ ಹಾಲಿನ ಕ್ಯಾನು ತೂಗಲು ಕೊಕ್ಕೆಗಳನ್ನು ಬೆಸೆದಿದ್ದರು.

‘ಒರಿಜಿನಲ್ ಮಾಡೋಣ’ ಎಂದೆ. ‘ಯಾವ ವರ್ಷದ್ದು?’ ಎಂದರು.

1969ಕ್ಕೆ ಹೋಗಬೇಕಾದರೆ ಕೊಕ್ಕೆ ಕತ್ತರಿಸಬೇಕು, ಮಡ್‌ಗಾರ್ಡು ಗುಜರಿಗೆ ಹಾಕಬೇಕು, ‘ಮ್ಮ’ವನ್ನೂ ಉಜ್ಜಬೇಕು. ಷೋರೂಮಿನಿಂದ ಹೊರಬಂದ ದಿನವೊಂದೇ ಉಳಿಯುತ್ತದೆ. ಹಾಲು ಹೊತ್ತ ವರ್ಷಗಳು ಹೋಗುತ್ತವೆ. ಪ್ರದರ್ಶನಗಳಲ್ಲಿ ಹೊಳೆಯುವ ಜಾವಾಗಳನ್ನು ನಾನೂ ಬಾಯಿಬಿಟ್ಟು ನೋಡಿದವನೇ. ಆದರೂ ಈಗ ಅವು ಸ್ವಲ್ಪ ಸುಳ್ಳು ಹೇಳುತ್ತಿವೆ ಅನ್ನಿಸುತ್ತದೆ. ಕೊನೆಗೆ ಎಂಜಿನ್ ಹೊಸದಾಯಿತು, ವೈರಿಂಗ್ ಹೊಸದಾಯಿತು. ಟ್ಯಾಂಕಿಗೆ ಬಣ್ಣ ಬೇಡ, ಮೂರು ಬಣ್ಣಗಳ ಮೇಲೆಯೇ ಪಾರದರ್ಶಕ ವಾರ್ನಿಷ್ ಹೊಡೆಯಿರಿ ಎಂದೆ. ‘ತೊನ್ನು ಹತ್ತಿದ ಹಂಗೆ ಕಾಣ್ತದೆ, ಜನ ನಗ್ತಾರೆ’ ಎಂದು ಗೊಣಗಿಯೇ ಹೊಡೆದರು.

ಕಳೆದ ಶನಿವಾರ ಪೆಟ್ರೋಲಿಗೆ ಆಯಿಲ್ ಬೆರೆಸಿ ಸುರಿದೆವು. ಜಾವಾದಲ್ಲಿ ಗೇರಿನ ಕಡ್ಡಿಯೇ ಕಿಕ್ಕು. ಒಳಕ್ಕೆ ಒತ್ತಿ, ಮೇಲಕ್ಕೆ ತಿರುಗಿಸಿ ಒದೆಯಬೇಕು. ಆರನೆಯ ಒದೆತಕ್ಕೆ ಎರಡೂ ಸೈಲೆನ್ಸರಿನಿಂದ ಬಿಳಿ ಹೊಗೆ ಬಂತು, ಬೀದಿಯ ನಾಯಿಗಳು ಎದ್ದು ನಿಂತವು. ನಾನು ಕುಣಿಯುವುದೊಂದು ಬಾಕಿ. ಮೆಕ್ಯಾನಿಕ್ ಮಾತ್ರ ತಲೆ ಓರೆಮಾಡಿ ಕೇಳಿಸಿಕೊಂಡು, ‘ಪಾಯಿಂಟ್ ಇನ್ನೂ ಕೂತಿಲ್ಲ’ ಎಂದು ಗಾಡಿ ಆರಿಸಿ, ಸ್ಕ್ರೂಡ್ರೈವರ್ ತರಲು ಒಳಗೆ ಹೋದರು.