ಪರದೇಶಿ ಗಾಡಿಯ ಪಾಸಿಂಗ್

ನಮ್ಮ ಕಡೆ ಮಕ್ಕಳಷ್ಟೇ ಪಾಸಾಗಲ್ಲ, ಗಾಡಿಗಳೂ ಪಾಸಾಗಬೇಕು. ಕೊಪ್ಪಳ ಜಿಲ್ಲೆಯ ಸಿದ್ದಾಪುರದ ಕಡೆ ಯಾರಾದರೂ ಆಂಧ್ರದಿಂದಲೋ ತಮಿಳುನಾಡಿನಿಂದಲೋ ಸೆಕೆಂಡ್ ಹ್ಯಾಂಡ್ ಲಾರಿ ತಂದರೆ ಊರವರ ಮೊದಲ ಪ್ರಶ್ನೆ ರೇಟಿನದು, ಎರಡನೇದು "ಪಾಸಿಂಗ್ ಆತೇನ್ರಿ?" ಎನ್ನುವುದು. ದಕ್ಷಿಣದ ಕಡೆ ಇದನ್ನೇ ಎಫ್‌ಸಿ ಅಂತಾರೆ. ಪುಣೆಯಿಂದಲೋ ದೆಹಲಿಯಿಂದಲೋ ಕೆಲಸ ಬದಲಿಸಿ ಕಾರಿನ ಸಮೇತ ಬೆಂಗಳೂರಿಗೆ ಬಂದ ನಿಮಗೂ ಈ ತಲೆನೋವಿನ ಪರಿಚಯ ಇರುತ್ತೆ. ಎನ್‌ಒಸಿ, ರೀ-ರಿಜಿಸ್ಟ್ರೇಷನ್, ಆಜೀವ ತೆರಿಗೆ, ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ಎಲ್ಲವೂ ಅದರದೇ ಭಾಗ.

ಇದೆಲ್ಲ ನಿನ್ನೆ ಮೊನ್ನೆಯ ಸರ್ಕಾರಿ ಕಿರಿಕಿರಿ ಅಂದ್ಕೊಳ್ಳೋದು ಸುಲಭ. ಆದರೆ ಹೊರಗಿನಿಂದ ಬಂದ, ಇನ್ನೊಬ್ಬರು ಓಡಿಸಿ ಬಿಟ್ಟ ಗಾಡಿಯನ್ನು ನಮ್ಮ ರಸ್ತೆಗೆ ಸೇರಿಸಿಕೊಳ್ಳುವ ಈ ಶಾಸ್ತ್ರಕ್ಕೆ ಮುಕ್ಕಾಲು ಶತಮಾನಕ್ಕೂ ಮೀರಿದ ಚರಿತ್ರೆ ಇದೆ. 'ಪರದೇಶಿ' ಅನ್ನೋ ಪದಕ್ಕೆ ಕನ್ನಡದಲ್ಲಿ ಎರಡು ಅರ್ಥ. ಹೊರದೇಶದವನು ಎನ್ನುವುದು ಒಂದು, ಹೇಳೋರು ಕೇಳೋರು ಇಲ್ಲದವನು ಎನ್ನುವುದು ಇನ್ನೊಂದು. ಇಂಥ ಗಾಡಿಗೆ ಎರಡೂ ಹೊಂದುತ್ತೆ.

ಮೊದಲು ಈ ಸೀಮೆಯ ಭೂಪಟ ನೋಡಿ. ಇಂದಿನ ಕೊಪ್ಪಳ ಜಿಲ್ಲೆ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಗಂಗಾವತಿ, ಕುಷ್ಟಗಿ ರಾಯಚೂರಿನ ಕಡೆಗೆ ಸೇರಿದ್ದರೆ ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಹಗೀರು. ತುಂಗಭದ್ರೆ ದಾಟಿದರೆ ಹೊಸಪೇಟೆ, ಅದು ಬಳ್ಳಾರಿ ಜಿಲ್ಲೆ, ಮದ್ರಾಸ್ ಪ್ರೆಸಿಡೆನ್ಸಿ. ಇವತ್ತು ಮುನಿರಾಬಾದಿನಿಂದ ಹೊಸಪೇಟೆಗೆ ಚಹಾ ಕುಡಿಯೋಕೆ ಹೋಗಿ ಬರಬಹುದು. ಆಗ ನದಿಯ ಆ ದಡದಲ್ಲಿ ಬೇರೆ ಆಡಳಿತ, ಬೇರೆ ನಾಣ್ಯ, ಕಚೇರಿಗೆ ಬೇರೆ ಭಾಷೆ. ಗಡಿ ದಾಟುವ ಸರಕಿಗೆ ಸುಂಕ ವಸೂಲಿ ಮಾಡಲು ನಿಜಾಮರಿಗೆ 'ಕರೋಡಗಿರಿ' ಎಂಬ ಇಲಾಖೆಯೇ ಇತ್ತು. ಅಂದರೆ ಹೊಸಪೇಟೆಯ ಗಾಡಿ ಗಂಗಾವತಿಗೆ ಬಂದರೂ ಅದು ಒಂದು ಲೆಕ್ಕಕ್ಕೆ 'ಆಮದು' ಗಾಡಿಯೇ!

ಗಾಡಿಗಳಾದರೂ ಎಲ್ಲಿಯವು? ನಿಜಾಮರ ರೈಲ್ವೆ 1932ರ ಜೂನ್‌ನಲ್ಲಿ 27 ಬಸ್, 166 ನೌಕರರನ್ನು ಇಟ್ಟುಕೊಂಡು ರಸ್ತೆ ಸಾರಿಗೆ ಶುರು ಮಾಡಿತು. ಸರ್ಕಾರವೇ ಬಸ್ ಓಡಿಸುವುದು ಆಗಿನ ಭಾರತದಲ್ಲಿ ಹೊಸ ಸಂಗತಿ. ಅದರ ಆರಂಭದ ಬಸ್ಸುಗಳಲ್ಲಿ ಸ್ಕಾಟ್ಲೆಂಡಿನ ಆಲ್ಬಿಯನ್ ಕಂಪನಿಯವು ಇದ್ದವು. ಇತ್ತ ಬ್ರಿಟಿಷ್ ಭಾರತದಲ್ಲಿ ಫೋರ್ಡ್, ಜನರಲ್ ಮೋಟಾರ್ಸ್ ಕಂಪನಿಗಳು ಹೊರದೇಶದಿಂದ ಬಿಡಿಭಾಗ ತರಿಸಿ ಜೋಡಿಸಿ ಮಾರುತ್ತಿದ್ದವು. ಜನರಲ್ ಮೋಟಾರ್ಸ್ ಮುಂಬೈಯಲ್ಲಿ ಈ ಕೆಲಸ ಶುರು ಮಾಡಿದ್ದು 1928ರಲ್ಲಿ. ಒಟ್ಟಿನಲ್ಲಿ ಆಗ ರಸ್ತೆಯ ಮೇಲಿದ್ದ ಮೋಟಾರು ಗಾಡಿಗಳೆಲ್ಲ ಹುಟ್ಟಿನಿಂದ ಪರದೇಶಿಗಳೇ.

ತಪಾಸಣೆಗೆ ಈಗಿನ ರೂಪ ಬಂದಿದ್ದು 1939ರ ಮೋಟಾರು ವಾಹನ ಕಾಯ್ದೆಯಿಂದ. ಅದಕ್ಕೂ ಮುಂಚೆ 1914ರ ಕಾಯ್ದೆ ಇತ್ತು, ಆದರೆ ಅದು ತೀರಾ ಚಿಕ್ಕದು. 1939ರ ಕಾಯ್ದೆ ಬಾಡಿಗೆಗೆ ಓಡುವ ಬಸ್ಸು, ಲಾರಿಗಳಿಗೆ ಸಾಮರ್ಥ್ಯ ಪ್ರಮಾಣಪತ್ರ ಬೇಕೆಂದಿತು. ಅದಿಲ್ಲದಿದ್ದರೆ ನೋಂದಣಿ ಆಗಿದ್ದರೂ ಆಗದ ಲೆಕ್ಕ. ಇದು ಬ್ರಿಟಿಷ್ ಭಾರತದ ಕಾನೂನು. ನದಿಯ ಈಚೆಗಿನ ನಿಜಾಮರ ಸೀಮೆಯ ಕಾನೂನೇ ಬೇರೆ. ಆದರೆ ಮುಂದೆ ಇಡೀ ದೇಶದ ಗಾಡಿಗಳ ಹಣೆಬರಹ ಬರೆದಿದ್ದು ಈ ಕಾಯ್ದೆಯೇ. ಅದು ಬಂದ ವರ್ಷವೇ ಎರಡನೇ ಮಹಾಯುದ್ಧವೂ ಶುರುವಾಯ್ತು.

ಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್. ಬಸ್ಸಿಗೆ ಇದ್ದಿಲಿನ ಒಲೆ ಕಟ್ಟಿ, ಅದರ ಗ್ಯಾಸಿನಲ್ಲಿ ಎಂಜಿನ್ ಓಡಿಸುತ್ತಿದ್ದ ಕಥೆಯನ್ನು ಅಜ್ಜಂದಿರ ಬಾಯಲ್ಲಿ ನೀವು ಕೇಳಿರಬಹುದು. ಯುದ್ಧ ಮುಗಿದಾಗ ಉಲ್ಟಾ ಪರಿಸ್ಥಿತಿ. ಅಮೆರಿಕ ಮತ್ತು ಬ್ರಿಟಿಷ್ ಸೈನ್ಯಗಳು ಭಾರತದಲ್ಲಿ ಬಿಟ್ಟ ಜೀಪು, ಟ್ರಕ್ಕುಗಳು ರಾಶಿ ರಾಶಿ. ಯುದ್ಧಕ್ಕಾಗಿ ತಯಾರಾದ ಜೀಪುಗಳೇ ಜಗತ್ತಿನಾದ್ಯಂತ 6 ಲಕ್ಷಕ್ಕೂ ಹೆಚ್ಚು. ಕೆನಡಾದಲ್ಲಿ ಫೋರ್ಡ್ ಮತ್ತು ಷೆವ್ರೊಲೆ ಕಂಪನಿಗಳು ಮಾಡಿದ ಮೊಂಡು ಮೂತಿಯ ಸೈನಿಕ ಟ್ರಕ್ಕುಗಳೂ ಇಲ್ಲಿಗೆ ಬಂದಿದ್ದವು. ಮಿಕ್ಕಿದ್ದನ್ನು ಸರ್ಕಾರ 'ಡಿಸ್ಪೋಸಲ್' ಹೆಸರಲ್ಲಿ ಮಾರಿತು. ಹಳೇ ಮೆಕ್ಯಾನಿಕ್‌ಗಳ ಬಾಯಲ್ಲಿ 'ಡಿಸ್ಪೋಸಲ್ ಗಾಡಿ' ಅನ್ನೋ ಮಾತು ಬಹಳ ಕಾಲ ಉಳಿದಿದ್ದು ಹೀಗೆ.

ಈಗ ಯೋಚನೆ ಮಾಡಿ. ನೀವು ಹರಾಜಿನಲ್ಲಿ ಒಂದು ಸೈನಿಕ ಜೀಪು ಹಿಡಿದಿದ್ದೀರಿ. ಅದನ್ನು ಊರಿನ ರಸ್ತೆಗೆ ತರಬೇಕಾದರೆ ಏನೇನು ಮಾಡಬೇಕು? ಮೊದಲನೇದು ಕಾಗದ. ಸೈನ್ಯದ ಗಾಡಿಗೆ ನಾಗರಿಕ ನೋಂದಣಿ ಇರಲ್ಲ, ಹಾಗಾಗಿ ಮಾರಾಟದ ಪತ್ರವೇ ಅದರ ಜನ್ಮಪತ್ರ. ಎಂಜಿನ್ ನಂಬರ್, ಚಾಸಿ ನಂಬರ್ ಅದಕ್ಕೆ ತಾಳೆ ಆಗಬೇಕು. ನಾಲ್ಕು ಗಾಡಿಯ ಸಾಮಾನು ಸೇರಿಸಿ ಒಂದು ಗಾಡಿ ಮಾಡಿದ್ದರೆ ಅಲ್ಲೇ ಗಂಟಲಿಗೆ ಸಿಕ್ಕಿಕೊಳ್ಳೋದು.

ಎರಡನೇದು ದೀಪ. ಶತ್ರು ವಿಮಾನದ ಕಣ್ಣಿಗೆ ಬೀಳಬಾರದು ಅಂತ ಯುದ್ಧದ ಗಾಡಿಗಳಿಗೆ ಮಂದ ಬೆಳಕಿನ ಮುಸುಕು ದೀಪಗಳೂ ಇರುತ್ತಿದ್ದವು. ಊರಿನ ರಸ್ತೆಯಲ್ಲಿ ಬೇಕಿರೋದು ಇದಕ್ಕೆ ವಿರುದ್ಧ, ಗಾಡಿ ಎದುರಿನವನ ಕಣ್ಣಿಗೆ ಬೀಳಲೇಬೇಕು. ಜೀಪಿನ ವೈರಿಂಗ್ 6 ವೋಲ್ಟಿನದು. ಇಲ್ಲಿ ಸಿಗುವ 12 ವೋಲ್ಟಿನ ಬಲ್ಬು ಅದಕ್ಕೆ ನಡೆಯಲ್ಲ, ಒಂದೋ ಬಲ್ಬು ಹುಡುಕಬೇಕು, ಇಲ್ಲವೇ ವೈರಿಂಗ್ ಬದಲಿಸಬೇಕು.

ಮೂರನೇದು ಸ್ಟೀರಿಂಗ್. ಅಮೆರಿಕದ ಜೀಪಿಗೆ ಸ್ಟೀರಿಂಗ್ ಎಡಕ್ಕೆ, ನಮ್ಮ ಸಂಚಾರವೂ ಎಡಕ್ಕೆ. ಆಗ ಇಂಡಿಕೇಟರ್ ಇಲ್ಲದ ಗಾಡಿಗಳೇ ಜಾಸ್ತಿ, ಡ್ರೈವರ್ ಬಲಗೈ ಹೊರಗೆ ಚಾಚಿ 'ತಿರುಗ್ತಿದೀನಿ', 'ನಿಲ್ಲಿಸ್ತಿದೀನಿ' ಅಂತ ಸನ್ನೆ ಮಾಡಬೇಕು. ಎಡಗಡೆ ಕೂತವನ ಕೈ ಬಲಗಡೆಯಿಂದ ಓವರ್‌ಟೇಕ್ ಮಾಡುವವನಿಗೆ ಕಾಣೋದಾದರೂ ಹೇಗೆ? ಅದಕ್ಕೇ ಕಾನೂನು ಎಡ ಸ್ಟೀರಿಂಗಿನ ಗಾಡಿಯನ್ನು ಪೂರ್ತಿ ನಿಷೇಧಿಸದೆ, ಯಾಂತ್ರಿಕ ಅಥವಾ ವಿದ್ಯುತ್ ಸಿಗ್ನಲ್ ಇದ್ದರೆ ಮಾತ್ರ ಓಡಿಸಿ ಎಂದಿತು. ಈಗಿನ 1988ರ ಕಾಯ್ದೆಯ 120ನೇ ಸೆಕ್ಷನ್‌ನಲ್ಲೂ ಇದೇ ಮಾತಿದೆ. ಕೈಸನ್ನೆಯ ಕಾಲ ಹೋಯ್ತು, ಕಲಮು ಹಾಗೇ ಉಳೀತು.

ನಾಲ್ಕನೇದು ಬಣ್ಣ. ಆಲಿವ್ ಹಸಿರು ಸೈನ್ಯದ ಗುರುತು. ರಕ್ಷಣಾ ಇಲಾಖೆಯದ್ದಲ್ಲದ ಯಾವ ಗಾಡಿಯೂ ಆ ಬಣ್ಣ ಬಳಿಯುವಂತಿಲ್ಲ ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮ ಹೇಳುತ್ತೆ. ಹಳೇ ಜೀಪು ಕೊಂಡು 'ಮಿಲಿಟರಿ ಲುಕ್' ಕೊಡೋ ಪ್ಲಾನ್ ನಿಮಗಿದ್ದರೆ ಇದು ನೆನಪಿರಲಿ.

ಡಿಸ್ಪೋಸಲ್ ಗಾಡಿಗಳು ಇಷ್ಟು ವರ್ಷ ಬಾಳಿದ್ದಕ್ಕೆ ಕಾರಣ ಪ್ರೀತಿಯಲ್ಲ, ಅಭಾವ. ಸ್ವಾತಂತ್ರ್ಯ ಬಂದ ಮೇಲೆ ದೇಶೀ ಕಾರ್ಖಾನೆಗಳನ್ನು ಬೆಳೆಸಲು ಸರ್ಕಾರ ಪೂರ್ಣ ತಯಾರಾದ ಗಾಡಿಗಳ ಆಮದನ್ನು ತಡೆಯಿತು. 1953ರಲ್ಲಿ, ಇಲ್ಲೇ ತಯಾರಿಸುವ ಯೋಜನೆ ಇಲ್ಲದೆ ಬರೀ ಬಿಡಿಭಾಗ ಜೋಡಿಸುವ ಕಂಪನಿಗಳಿಗೂ ಬಾಗಿಲು ಹಾಕಿತು. ಜನರಲ್ ಮೋಟಾರ್ಸ್, ಫೋರ್ಡ್ ಎರಡೂ ಅಂಗಡಿ ಮುಚ್ಚಿದವು. ಹೊಸ ಗಾಡಿಗೆ ವರ್ಷಗಟ್ಟಲೆ ಕಾಯಬೇಕಾದಾಗ ಹಳೇದನ್ನೇ ರಿಪೇರಿ ಮಾಡಿ ಮಾಡಿ ಓಡಿಸಬೇಕಾಯ್ತು.

ಅದೇ 1953 ಸಿದ್ದಾಪುರದ ಸೀಮೆಗೂ ತಿರುವಿನ ವರ್ಷ. 1945ರ ಫೆಬ್ರವರಿ 28ರಂದು ಮದ್ರಾಸ್ ಕಡೆಯವರು ಒಂದು ದಡದಲ್ಲಿ, ಹೈದರಾಬಾದಿನವರು ಇನ್ನೊಂದು ದಡದಲ್ಲಿ ಅಡಿಗಲ್ಲು ಹಾಕಿದ್ದ ತುಂಗಭದ್ರಾ ಅಣೆಕಟ್ಟಿನಿಂದ ಆ ವರ್ಷ ನೀರು ಹರಿಯಿತು. ಎಡದಂಡೆ ಕಾಲುವೆ ಗಂಗಾವತಿ, ಕಾರಟಗಿ, ಸಿಂಧನೂರಿನ ಜೋಳದ ಹೊಲಗಳನ್ನು ಕ್ರಮೇಣ ಭತ್ತದ ಗದ್ದೆ ಮಾಡಿತು. ಆಂಧ್ರದ ಕರಾವಳಿಯಿಂದ ರೈತರು ಬಂದು ನೆಲೆಸಿದರು, ಅವರ ಊರುಗಳಿಗೆ ಇಂದಿಗೂ 'ಕ್ಯಾಂಪ್' ಅಂತಲೇ ಹೆಸರು. ನೀರು ಬಂದ ಮೇಲೆ ಭತ್ತ, ಭತ್ತದ ಹಿಂದೆ ರೈಸ್ ಮಿಲ್ಲು, ಮಿಲ್ಲಿನ ಹಿಂದೆ ಲಾರಿ. ಟ್ರ್ಯಾಕ್ಟರ್ ಕೂಡ ಮೊದಮೊದಲು ಹೊರದೇಶದ್ದೇ. ಐಷರ್ ಕಂಪನಿ ಫರಿದಾಬಾದಿನಲ್ಲಿ ಮೊದಲ ದೇಶೀ ಟ್ರ್ಯಾಕ್ಟರ್ ಹೊರತಂದಿದ್ದು 1959ರಲ್ಲಿ. 1956ರ ನವೆಂಬರ್ 1ರಂದು ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿ, ಕಚೇರಿಯ ಉರ್ದು ಹೋಗಿ ಕನ್ನಡ ಬಂತು. ಕರೋಡಗಿರಿಯ ಗೆರೆ ಅಳಿಸಿತು, ಹೊಸಪೇಟೆ ಪರದೇಶ ಆಗಿ ಉಳಿಯಲಿಲ್ಲ. ಪರದೇಶ ಅಂದರೆ ಇನ್ನು ಮೇಲೆ ಆಂಧ್ರ, ಮಹಾರಾಷ್ಟ್ರ, ತಮಿಳುನಾಡು.

ನಿಜವಾದ ಹೊರದೇಶದ ಹಳೇ ಗಾಡಿಯನ್ನು ಇವತ್ತು ತರೋದು ಕಾನೂನಿನಲ್ಲಿ ಇದೆ, ಕೈಗೆಟುಕಲ್ಲ ಅಷ್ಟೆ. ಆಮದು ನಿಯಮದ ಪ್ರಕಾರ ಗಾಡಿ ಮೂರು ವರ್ಷಕ್ಕಿಂತ ಹಳೇದಿರಬಾರದು, ಸ್ಟೀರಿಂಗ್ ಬಲಕ್ಕಿರಬೇಕು, ಸ್ಪೀಡೋಮೀಟರ್ ಕಿಲೋಮೀಟರಿನಲ್ಲಿರಬೇಕು, ಹೆಡ್‌ಲೈಟಿನ ಬೆಳಕು ಎಡಗಡೆ ಸಂಚಾರಕ್ಕೆ ಹೊಂದಬೇಕು. ಡಿಸ್ಪೋಸಲ್ ಜೀಪು ಎದುರಿಸಿದ ಪ್ರಶ್ನೆಗಳೇ, ಅಲ್ವಾ? ಇದರ ಮೇಲೆ ಸುಂಕದ ಹೊರೆ ಬೇರೆ. ಹಾಗಾಗಿ ಹಳ್ಳಿಗೆ ಬರುವ ಪರದೇಶಿ ಗಾಡಿ ಇನ್ನೊಂದು ರಾಜ್ಯದ್ದೇ.

ಅದಕ್ಕೂ ಶಾಸ್ತ್ರ ಇದೆ. 1988ರ ಕಾಯ್ದೆಯಂತೆ ಬೇರೆ ರಾಜ್ಯದ ಗಾಡಿ 12 ತಿಂಗಳಿಗೂ ಮೀರಿ ಇಲ್ಲಿ ಉಳಿದರೆ ಹೊಸ ನಂಬರ್ ಪಡೀಬೇಕು. ಕೊಪ್ಪಳ ಜಿಲ್ಲೆಗಾದರೆ ಅದು ಕೆಎ-37. ಹಳೇ ಆರ್‌ಟಿಒದಿಂದ ಫಾರಂ 28ರಲ್ಲಿ ಎನ್‌ಒಸಿ, ಇಲ್ಲಿ ಫಾರಂ 27ರಲ್ಲಿ ಅರ್ಜಿ, ಮಾಲೀಕತ್ವ ಬದಲಾವಣೆಗೆ 29 ಮತ್ತು 30, ಸಾಲ ತೀರಿದ್ದರೆ 35. ತೆರಿಗೆಯ ಜಗಳ ಬೇರೆಯೇ. 2014ರಲ್ಲಿ ಕರ್ನಾಟಕ ಸರ್ಕಾರ, ಹೊರರಾಜ್ಯದ ಗಾಡಿ 30 ದಿನ ಮೀರಿದರೆ ಆಜೀವ ತೆರಿಗೆ ಕಟ್ಟಬೇಕೆಂದು ತಿದ್ದುಪಡಿ ತಂದಿತ್ತು. 2016ರಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಊರೂರು ವರ್ಗವಾಗುವ ನೌಕರರಿಗೆ ಅಂತ 2021ರಲ್ಲಿ ಬಿಎಚ್ ಸರಣಿಯ ನಂಬರ್ ಬಂತು. ಸಿದ್ದಾಪುರದ ಲಾರಿ ಮಾಲೀಕನಿಗೆ ಅದರಿಂದ ಏನೂ ಆಗಬೇಕಿಲ್ಲ, ಅದು ಸ್ವಂತ ಬಳಕೆಯ ಗಾಡಿಗೆ ಮಾತ್ರ.

ಕಾಗದ ಮುಗಿದ ಮೇಲೆ ಗಾಡಿಯ ಸರದಿ. ಟೈರಿನ ಗೀರು ಕಾರು, ಲಾರಿಗಳಲ್ಲಿ 1.6 ಮಿ.ಮೀ.ಗಿಂತ ಕಡಿಮೆ ಇರಬಾರದು. ಸ್ಟೀರಿಂಗ್ ಚಕ್ರದ ಸಡಿಲ 30 ಡಿಗ್ರಿ ಮೀರಬಾರದು. ಬ್ರೇಕ್, ಹ್ಯಾಂಡ್‌ಬ್ರೇಕ್, ಹಾರ್ನ್, ವೈಪರ್, ಹಿಂದಿನ ಕೆಂಪು ದೀಪ, ಕತ್ತಲಲ್ಲಿ ಮಿನುಗುವ ಪಟ್ಟಿ, ಹೊಗೆ ತಪಾಸಣೆಯ ಚೀಟಿ ಎಲ್ಲ ಸರಿ ಇರಬೇಕು. ಎಂಟು ವರ್ಷದೊಳಗಿನ ಬಾಡಿಗೆ ಗಾಡಿಗೆ ಎರಡು ವರ್ಷಕ್ಕೊಮ್ಮೆ, ಅದಕ್ಕಿಂತ ಹಳೇದಕ್ಕೆ ಪ್ರತಿ ವರ್ಷ ಎಫ್‌ಸಿ. ಕಾರಿಗೆ 15 ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆ.

ಇಲ್ಲೇ ಒಂದು ಹಳೇ ಆಟವೂ ಇದೆ. ಪಾಸಿಂಗ್ ದಿನಕ್ಕೆ ಮಾತ್ರ ಇನ್ನೊಂದು ಗಾಡಿಯ ಒಳ್ಳೇ ಟೈರು ಹಾಕೋದು, ಸಂಜೆಗೆ ಬಿಚ್ಚಿ ಕೊಡೋದು. ಬಣ್ಣ ಬಳಿದು, ದೀಪ ಹಾಕಿಸಿ, ಬ್ರೇಕ್ ಮಾತ್ರ 'ಆಮ್ಯಾಲ ನೋಡೋಣ' ಅನ್ನೋದು. ಕಣ್ಣಿಗೆ ಕಾಣೋದನ್ನು ರೆಡಿ ಮಾಡಿ ಕಾಣದ್ದನ್ನು ಮುಂದೂಡುವ ಈ ಲೆಕ್ಕದಲ್ಲಿ ಉಳಿಯೋದು ಕೆಲವು ಸಾವಿರ ರೂಪಾಯಿ. ಕಳೆದುಕೊಳ್ಳೋರು ಸಾಮಾನ್ಯವಾಗಿ ಮಾಲೀಕರಲ್ಲ. ಟ್ರೇಲರಿನಲ್ಲಿ ನಿಂತು ನಾಟಿಗೆ ಹೋಗುವ ಹೆಂಗಸರು, ಭತ್ತದ ಚೀಲದ ಮೇಲೆ ಮಲಗಿ ಬರುವ ಹಮಾಲರು, ಎದುರಿನಿಂದ ಬೈಕಿನಲ್ಲಿ ಬರುವ ಹುಡುಗರು.

ಇದು ಹಳ್ಳಿಯ ಸಮಾಚಾರ, ನಮಗೇನು ಅಂತೀರಾ? ಸೆಕೆಂಡ್ ಹ್ಯಾಂಡ್ ಗಾಡಿ ಹುಟ್ಟೋದೇ ನಗರದಲ್ಲಿ. ದೆಹಲಿ ಸೀಮೆಯಲ್ಲಿ 10 ವರ್ಷ ಮೀರಿದ ಡೀಸೆಲ್ ಗಾಡಿ ಓಡಬಾರದು ಅಂತ 2015ರಲ್ಲಿ ಹಸಿರು ನ್ಯಾಯಮಂಡಳಿ ಆದೇಶಿಸಿತು, 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಜಾರಿಗೆ ತನ್ನಿ ಎಂದಿತು. ಆಗ ಎಷ್ಟೋ ಗಾಡಿಗಳು ಗುಜರಿಗೆ ಹೋಗಲಿಲ್ಲ, ಎನ್‌ಒಸಿ ಹಿಡಿದು ಬೇರೆ ರಾಜ್ಯಗಳಿಗೆ ಹೊರಟವು. ಯುದ್ಧಕ್ಕೆ ಬೇಡವಾದದ್ದು ಊರಿಗೆ ಬಂದ ಹಾಗೆ ನಗರಕ್ಕೆ ಬೇಡವಾದದ್ದೂ ಊರಿಗೇ ಬರುತ್ತೆ.

ಹಾಗಾಗಿ ನಿಮ್ಮ ಹಳೇ ಕಾರು ಮಾರುವಾಗ ದುಡ್ಡು ಅಕೌಂಟಿಗೆ ಬಿದ್ದ ಕೂಡಲೇ ಕಥೆ ಮುಗೀತು ಅಂದ್ಕೋಬೇಡಿ. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. ಗಾಡಿ ಎಷ್ಟು ಕೈ ಬದಲಾಗಿದ್ದರೂ ಅಪಘಾತದ ದಿನ ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಪರಿಹಾರದ ಹೊಣೆಯೂ ಅವರದ್ದೇ. ವರ್ಗಾವಣೆಯ ಫಾರಂ ಕೊಡಿ, ಆರ್‌ಸಿಯಲ್ಲಿ ಹೆಸರು ಬದಲಾಗಿದೆಯಾ ಅಂತ ನೋಡಿ. ಸರ್ವೀಸ್ ಪುಸ್ತಕವನ್ನೂ ಕೊಟ್ಟುಬಿಡಿ, ಬ್ರೇಕಿನ ಸಮಸ್ಯೆ ಇದ್ದರೆ ಬಾಯಿಬಿಟ್ಟು ಹೇಳಿ.

ನಿಜಾಮರ ನಾಕಾದಿಂದ ಇಂದಿನ ಆನ್‌ಲೈನ್ ಅರ್ಜಿಯವರೆಗೆ ಸರ್ಕಾರಗಳು ಈ ಗಾಡಿಗೆ ಎರಡು ಪ್ರಶ್ನೆ ಕೇಳ್ತಾ ಬಂದಿವೆ. ನೀನು ಯಾರದು, ನಿಂತ್ಕೋ ಅಂದ್ರೆ ನಿಲ್ತೀಯಾ? ಮೊದಲನೇದಕ್ಕೆ ಫಾರಂಗಳು ವರ್ಷ ವರ್ಷ ಜಾಸ್ತಿ ಆಗಿವೆ, ಯಾಕಂದರೆ ಅದರಲ್ಲಿ ತೆರಿಗೆ ಇದೆ. ಆದರೆ ಗಾಡಿ ನೋಡಿ ಪಾಸು ಮಾಡುವ ಅಧಿಕಾರಿಗೆ ನಮ್ಮ ಜನ ಇಟ್ಟ ಹೆಸರು ಎರಡನೇದರದ್ದು. ಸರ್ಕಾರಿ ಕಾಗದದಲ್ಲಿ ಅವರು ಮೋಟಾರು ವಾಹನ ನಿರೀಕ್ಷಕರು. ಊರಿನ ಬಾಯಲ್ಲಿ ಇಂದಿಗೂ ಬ್ರೇಕ್ ಇನ್ಸ್‌ಪೆಕ್ಟರ್.